ಅಳಿಸಿದರೂ ಮರಳಿ ಬರುವ ಕುಕಿಗಳು

ಮನೆಯಲ್ಲೊಂದು ಕಂಪ್ಯೂಟರ್ ಇರುವುದು ಈಗ ಜಿಲ್ಲಾ ಕೇಂದ್ರಗಳಲ್ಲಿ ಮಾತ್ರವಲ್ಲ, ಹೋಬಳಿ ಊರುಗಳಲ್ಲೂ ಸೋಜಿಗದ ಸಂಗತಿಯಲ್ಲ. ಮಕ್ಕಳ ಓದಿಗೆ, ಬ್ಯಾಂಕಿನ ವ್ಯವಹಾರಕ್ಕೆ, ಪಹಣಿ ತೆಗೆಯುವುದಕ್ಕೆ, ದೂರದಲ್ಲಿರುವ ಮಗನ ಮುಖ ನೋಡುವುದಕ್ಕೆ ಅದು ಬೇಕಾಗಿದೆ. ಇಂಥ ಮನೆಗಳಿಂದ ಪದೇ ಪದೇ ಕೇಳಿಬರುವ ದೂರೊಂದಿದೆ. “ಕುಕಿಗಳನ್ನೆಲ್ಲ ಅಳಿಸಿ ಹಾಕುತ್ತೇವೆ ಸ್ವಾಮಿ, ಮಾರನೆಯ ದಿನ ನೋಡಿದರೆ ಮತ್ತೆ ಅಲ್ಲೇ ಕುಳಿತಿರುತ್ತವೆ” ಎಂಬುದು ಆ ದೂರು. ತಿಳಿದವರೆನಿಸಿಕೊಂಡವರು ಇದಕ್ಕೆ ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ನಿಮಗೆ ಸರಿಯಾಗಿ ಅಳಿಸಲು ಬರುವುದಿಲ್ಲ.

ಈ ಉತ್ತರ ಅರ್ಧ ನಿಜ, ಅರ್ಧ ಮೋಸ. ಮನೆಯ ಯಜಮಾನ ಹೊರಗೆ ಹೋಗೆಂದು ಹೇಳಿದ ಮೇಲೂ ಅಟ್ಟದ ಮೇಲೆ ಅಡಗಿ ಕೂತವನನ್ನು ಬಿಟ್ಟು, ಯಜಮಾನನಿಗೇ ಕಸ ಗುಡಿಸಲು ಬಾರದೆಂದು ಹಂಗಿಸಿದರೆ ಅದು ಯಾವ ನ್ಯಾಯ? ಆದ್ದರಿಂದ ಅಳಿಸುವ ಬಗೆಯನ್ನೂ ಹೇಳೋಣ, ಅಳಿಸಿದ್ದು ಮರಳಿ ಬರುವುದು ಯಾರ ಲಾಭಕ್ಕೆ ಎಂಬುದನ್ನೂ ಹೇಳೋಣ.

ಕುಕಿ ಎಂದೊಡನೆ ಬೇಕರಿಯ ಬಿಸ್ಕತ್ತು ನೆನಪಾಗುವುದು ಸಹಜ. ಇದು ತಿನ್ನುವ ಪದಾರ್ಥವಲ್ಲ. ವೆಬ್‌ಸೈಟೊಂದು ನಮ್ಮ ಕಂಪ್ಯೂಟರಿನಲ್ಲಿ ಬರೆದಿಡುವ ಒಂದು ಸಣ್ಣ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಎಂಬ ತರುಣ ಎಂಜಿನಿಯರ್ ಇದನ್ನು ರೂಪಿಸಿದ. ಅಗತ್ಯವೂ ಇತ್ತು. ವೆಬ್ಬಿಗೆ ಸ್ವಂತ ನೆನಪಿಲ್ಲ. ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ ಕೂತ ಕೆಲವು ಮಹನೀಯರಂತೆ, ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದ ಕೂಡಲೇ “ಯಾರು ನೀವು?” ಎಂದು ಹೊಸದಾಗಿ ಕೇಳುತ್ತದೆ. ಅಂಗಡಿಯಲ್ಲಿ ಒಂದು ಸಾಮಾನನ್ನು ಆರಿಸಿ ಪಕ್ಕಕ್ಕಿಟ್ಟು ಇನ್ನೊಂದನ್ನು ನೋಡಲು ಹೋದರೆ ಮೊದಲನೆಯದು ಮರೆತುಹೋಗುತ್ತದೆ. ಇದಕ್ಕೆ ಮೊಂಟುಲಿ ಕಂಡುಕೊಂಡ ಉಪಾಯವೆಂದರೆ, ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಇಟ್ಟಾಗ ಕೊಡುವ ಬಿಲ್ಲೆಯ ಹಾಗೆ, ಬಂದವನ ಕೈಗೊಂದು ಸಂಖ್ಯೆ ಕೊಟ್ಟು ಮುಂದಿನ ಸಲ ಅದನ್ನು ತೋರಿಸಲು ಹೇಳುವುದು. ಈ ಚೀಟಿ ಸುಮಾರು 4 ಕಿಲೋಬೈಟ್‌ಗಿಂತ ದೊಡ್ಡದಿರುವಂತಿಲ್ಲ. ಅದು ವೈರಸ್ ಅಲ್ಲ, ತಾನಾಗಿ ಓಡಾಡುವುದಿಲ್ಲ, ಕಡತಗಳನ್ನು ಕೆಡಿಸುವುದಿಲ್ಲ. ಬ್ಯಾಂಕಿನ ಪುಟದಲ್ಲಿ ಒಮ್ಮೆ ಒಳಗೆ ಹೋದವರು ಕೆಲಸ ಮುಗಿಯುವ ತನಕ ಒಳಗೇ ಇರುವುದು ಇದರ ದೆಸೆಯಿಂದಲೇ. ಕೊಟ್ಟ ಅಂಗಡಿಯೇ ಹೊರತು ಬೇರೊಬ್ಬರು ಆ ಬಿಲ್ಲೆಯನ್ನು ಓದಲಾರರು ಎಂಬುದು ಮೂಲ ಏರ್ಪಾಡು.

ಕೆಟ್ಟದ್ದು ಶುರುವಾದದ್ದು ಬಾಗಿಲ ಬಳಿ. ನೀವು ಪುಸ್ತಕದಂಗಡಿಗೆ ಹೋಗುತ್ತೀರಿ. ಬಾಗಿಲಲ್ಲಿ ಅಂಗಡಿಗೆ ಸಂಬಂಧಪಡದ ಒಬ್ಬ ಜಾಹೀರಾತಿನವನು ನಿಂತು ನಿಮ್ಮ ಬೆನ್ನಿಗೊಂದು ಗುರುತು ಹಚ್ಚುತ್ತಾನೆ. ಔಷಧಿ ಅಂಗಡಿಗೆ ಹೋದರೆ ಅಲ್ಲಿಯೂ ಅವನೇ. ಸಾಲ ಕೊಡುವವನ ಬಾಗಿಲಲ್ಲಿಯೂ ಅವನೇ. ಗುರುತು ಹಚ್ಚಿದವನು ತಾನೇ ಆದ್ದರಿಂದ ಓದುವ ಹಕ್ಕೂ ಅವನಿಗಿದೆ. ಮೂರನೆಯವರ ಕುಕಿ ಎನ್ನುವುದು ಇದನ್ನೇ. ಮೂಲ ನಿಯಮ ಮುರಿಯಲಿಲ್ಲ, ಅದರ ಹೊಟ್ಟೆಯನ್ನು ಮಾತ್ರ ಬಗೆದರು.

ಇದನ್ನು ಯಾರೂ ಮುಂಗಾಣಲಿಲ್ಲವೆಂದು ಹೇಳುವಂತಿಲ್ಲ. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಮಂಡಲಿ 1997ರ ಫೆಬ್ರವರಿಯಲ್ಲಿ ಕುಕಿಗಳ ಬಗ್ಗೆ ಮೊದಲ ನಿಯಮಪತ್ರವನ್ನು ಪ್ರಕಟಿಸಿತು. ಅದನ್ನು ಬರೆದ ಇಬ್ಬರಲ್ಲಿ ಮೊಂಟುಲಿಯೂ ಒಬ್ಬ. ಬಳಕೆದಾರ ತಾನಾಗಿ ಬೇಕೆಂದು ಆರಿಸದ ಹೊರತು ಇಂಥ ಮೂರನೆಯವರ ಕುಕಿಗಳಿಗೆ ಬ್ರೌಸರ್ ಎಡೆಗೊಡಬಾರದೆಂಬುದು ಅದರ ಆಶಯ. ಆಗ ಮಾರುಕಟ್ಟೆಯನ್ನು ಹಂಚಿಕೊಂಡಿದ್ದ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಎರಡೂ ಆ ಮಾತನ್ನು ಪಾಲಿಸಲಿಲ್ಲ. ಬಾಗಿಲು ತೆರೆದೇ ಇತ್ತು. ಆ ಬಾಗಿಲಲ್ಲಿ ನಿಲ್ಲುವ ಕಸುಬನ್ನೇ ದೊಡ್ಡ ವ್ಯಾಪಾರ ಮಾಡಿದ ಡಬಲ್‌ಕ್ಲಿಕ್ ಕಂಪನಿಯನ್ನು 310 ಕೋಟಿ ಡಾಲರಿಗೆ ಕೊಳ್ಳುವುದಾಗಿ ಗೂಗಲ್ 2007ರಲ್ಲಿ ಸಾರಿತು, 2008ರಲ್ಲಿ ಕೊಂಡಿತು. ಬೆನ್ನಿಗೆ ಹಚ್ಚುವ ಗುರುತಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜನ ಸುಮ್ಮನಿರಲಿಲ್ಲ, ಅಳಿಸತೊಡಗಿದರು. ಆಗ ಹೊರಟದ್ದು ಮರಳಿ ಹುಟ್ಟುವ ಕುಕಿ. ಇಂಟರ್ನೆಟ್ಟಿನಲ್ಲಿ ಚಲನಚಿತ್ರ ಮತ್ತು ಆಟಗಳನ್ನು ತೋರಿಸಲು ಆಗ ಅಡೋಬಿ ಕಂಪನಿಯ ಫ್ಲ್ಯಾಶ್ ಎಂಬ ಪೂರಕ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರಿನಲ್ಲೂ ಇತ್ತು. ಅದಕ್ಕೆ ತನ್ನದೇ ಒಂದು ಉಗ್ರಾಣ. ಬ್ರೌಸರಿನ ಕುಕಿಗೆ 4 ಕಿಲೋಬೈಟ್ ಆದರೆ ಇಲ್ಲಿ ಒಂದು ತಾಣಕ್ಕೆ ಕೇಳದೆಯೇ 100 ಕಿಲೋಬೈಟ್. ತಾನಾಗಿ ತೀರುವ ಅವಧಿಯೂ ಇಲ್ಲ. ಬ್ರೌಸರಿನ ಕುಕಿಗಳನ್ನು ಅಳಿಸಿದರೆ ಈ ಉಗ್ರಾಣಕ್ಕೆ ಬಿಸಿ ತಟ್ಟುತ್ತಿರಲಿಲ್ಲ. ಅದನ್ನು ಬರಿದು ಮಾಡಬೇಕಾದರೆ ಬಹುಕಾಲ ಅಡೋಬಿಯ ವೆಬ್‌ಸೈಟಿಗೇ ಹೋಗಿ ಅಲ್ಲಿನ ಫಲಕದಲ್ಲಿ ಗುಂಡಿ ಒತ್ತಬೇಕಾಗಿತ್ತು. ಸ್ವಂತ ಮನೆಯ ಕಸ ಹೊರಹಾಕಲು ಧಣಿಯ ಕಛೇರಿಗೆ ಹೋಗಿ ಅರ್ಜಿ ಕೊಟ್ಟಂತೆ!

2009ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ಸಂಶೋಧಕರು ಅತಿ ಹೆಚ್ಚು ಜನ ನೋಡುವ 100 ತಾಣಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವು ಫ್ಲ್ಯಾಶ್ ಉಗ್ರಾಣವನ್ನು ಬಳಸುತ್ತಿದ್ದುದು ಕಂಡುಬಂತು. ಕೆಲವು ಕಡೆ, ಬಳಕೆದಾರ ಅಳಿಸಿದ ಕುಕಿಯನ್ನು ಫ್ಲ್ಯಾಶಿನಲ್ಲಿದ್ದ ನಕಲಿನಿಂದ ಅದೇ ಸಂಖ್ಯೆಯೊಡನೆ ಮತ್ತೆ ಹುಟ್ಟಿಸಲಾಗುತ್ತಿತ್ತು. ಸಾಲ ತೀರಿಸಿ ಪ್ರೋನೋಟು ಹರಿದು ಬಂದ ರೈತನ ಬೆನ್ನ ಹಿಂದೆ ಸಾಹುಕಾರ ಪೆಟ್ಟಿಗೆಯಿಂದ ಇನ್ನೊಂದು ಪ್ರತಿ ತೆಗೆದಿಟ್ಟರೆ ಅದಕ್ಕೆ ನಾವು ಯಾವ ಹೆಸರು ಕೊಡುತ್ತೇವೆ? ಇಲ್ಲಿ ಅದಕ್ಕೆ ತಾಂತ್ರಿಕ ಸೌಕರ್ಯ ಎಂಬ ಹೆಸರಿತ್ತು. 2010ರಲ್ಲಿ ಕ್ವಾಂಟ್‌ಕಾಸ್ಟ್, ಕ್ಲಿಯರ್‌ಸ್ಪ್ರಿಂಗ್ ಎಂಬ ಕಂಪನಿಗಳ ಮೇಲೆ ಅಮೆರಿಕದಲ್ಲಿ ದಾವೆಗಳು ಹೂಡಲ್ಪಟ್ಟು, 24 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ಅದೇ ವರ್ಷ ಸ್ಯಾಮಿ ಕಮ್ಕಾರ್ ಎಂಬ ತಂತ್ರಜ್ಞ, ಈ ಬಗೆಯ ಹಾವಳಿ ಎಷ್ಟು ದೂರ ಹೋಗಬಹುದೆಂಬುದನ್ನು ಲೋಕಕ್ಕೆ ತೋರಿಸಲೆಂದು ‘ಎವರ್‌ಕುಕಿ’ ಎಂಬುದನ್ನು ಬಹಿರಂಗವಾಗಿ ಪ್ರಕಟಿಸಿದ. ಅದು ಒಂದೇ ಸಂಖ್ಯೆಯನ್ನು ಕಂಪ್ಯೂಟರಿನ ಹಲವಾರು ಮೂಲೆಗಳಲ್ಲಿ ಬಚ್ಚಿಡುತ್ತದೆ: ಸಾಮಾನ್ಯ ಕುಕಿಯಲ್ಲಿ, ಫ್ಲ್ಯಾಶಿನಲ್ಲಿ, ಬ್ರೌಸರಿನ ಸ್ಥಳೀಯ ಉಗ್ರಾಣದಲ್ಲಿ, ಪುಟಗಳು ಬೇಗ ತೆರೆಯಲೆಂದು ಉಳಿಸಿಟ್ಟುಕೊಳ್ಳುವ ಕ್ಯಾಶ್‌ನಲ್ಲಿ, ಒಂದು ಚಿತ್ರದ ಬಣ್ಣದ ಚುಕ್ಕೆಗಳಲ್ಲಿ ಸಹ. ಹೊಲದಲ್ಲಿ ಜೇಕು ಕಿತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಹುಲ್ಲನ್ನೆಲ್ಲ ಕಿತ್ತರೂ ನೆಲದಲ್ಲಿ ಒಂದು ಗಡ್ಡೆ ಉಳಿದರೆ ಸಾಕು, ವಾರ ಕಳೆಯುವುದರೊಳಗೆ ಹಸಿರು ಮೂಡಿರುತ್ತದೆ.

ಇನ್ನು ವೆರೈಜನ್ ಎಂಬ ಅಮೆರಿಕದ ಟೆಲಿಫೋನ್ ಕಂಪನಿ ಮಾಡಿದ್ದು ಇದಕ್ಕಿಂತ ಒಂದು ಕೈ ಮೇಲು. ಅದು 2012ರಿಂದ ಗ್ರಾಹಕರ ಮೊಬೈಲಿನಲ್ಲಿ ಏನನ್ನೂ ಬಚ್ಚಿಡದೆ, ಅವರ ಸಂದೇಶ ತನ್ನ ತಂತಿಯ ಮೂಲಕ ಹಾದು ಹೋಗುವಾಗ ದಾರಿಯಲ್ಲೇ ಗುರುತಿನ ಸಂಖ್ಯೆಯನ್ನು ಸೇರಿಸುತ್ತಿತ್ತು. ಅಳಿಸೋಣವೆಂದರೆ ಸಾಧನದಲ್ಲಿ ಅದು ಇದ್ದರಲ್ಲವೆ? ಅಂಚೆಯವನೇ ಲಕೋಟೆಯ ಮೇಲೆ ಗುಟ್ಟಾಗಿ ಮೊಹರು ಹೊಡೆದಂತೆ. ಇದು ಬಯಲಾದ ಮೇಲೆ ಅಲ್ಲಿನ ಸಂಪರ್ಕ ಆಯೋಗ 2016ರ ಮಾರ್ಚಿಯಲ್ಲಿ 13.5 ಲಕ್ಷ ಡಾಲರ್ ದಂಡ ಹಾಕಿತು. ಅಷ್ಟು ದೊಡ್ಡ ಕಂಪನಿಗೆ ಇದು ಬೀಡಿ ಕಾಸು.

ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಆದರೆ ಗಡ್ಡೆಗಳು ಮುಗಿಯಲಿಲ್ಲ. ಆದ್ದರಿಂದ ಮನೆಯ ಕಂಪ್ಯೂಟರಿನಲ್ಲಿ ಇಂದು ಮಾಡಬೇಕಾದದ್ದನ್ನು ಹೇಳುತ್ತೇವೆ. ವಾಚಕರು ಇಷ್ಟನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರೂ ಆಕ್ಷೇಪಣೆಯಿಲ್ಲ.

ಮೊದಲು ತೆರೆದಿರುವ ಪುಟಗಳನ್ನೆಲ್ಲ ಮುಚ್ಚಬೇಕು. ಪುಟ ತೆರೆದೇ ಇಟ್ಟು ಅಳಿಸಿದರೆ ಆ ಪುಟ ಅದೇ ಕ್ಷಣದಲ್ಲಿ ಹೊಸ ಚೀಟಿ ಬರೆಯುತ್ತದೆ. ಹೆಚ್ಚಿನವರ ‘ಹಟಮಾರಿ ಕುಕಿ’ಯ ಗುಟ್ಟು ಇಷ್ಟೇ. ಆಮೇಲೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರರಲ್ಲೂ ಅಳಿಸುವ ಫಲಕ ತೆರೆಯುತ್ತದೆ. ಅಲ್ಲಿ ಅವಧಿಯನ್ನು ನೋಡಿ. ಕಂಪನಿಯವರು ಮೊದಲೇ ಗುರುತು ಹಾಕಿಟ್ಟಿರುವುದು ಅಲ್ಪಾವಧಿ; ಅದನ್ನು ಬದಲಾಯಿಸಿ ‘ಆಲ್ ಟೈಮ್’ ಎಂದು, ಫೈರ್‌ಫಾಕ್ಸ್ ಆದರೆ ‘ಎವೆರಿಥಿಂಗ್’ ಎಂದು ಆರಿಸಬೇಕು. ಕುಕಿ ಮತ್ತು ತಾಣದ ದತ್ತಾಂಶ ಎಂಬುದರ ಜೊತೆಗೆ ಕ್ಯಾಶ್ ಎಂಬುದಕ್ಕೂ ಗುರುತು ಹಾಕಬೇಕು, ಏಕೆಂದರೆ ಗಡ್ಡೆ ಅಲ್ಲಿಯೂ ಇರಬಹುದು. ನೋಡಿದ ಪುಟಗಳ ಪಟ್ಟಿಯನ್ನು ಮಾತ್ರ ಅಳಿಸಿದರೆ ಕುಕಿ ಹೋಗುವುದಿಲ್ಲ. ಇವೆರಡೂ ಬೇರೆ ಬೇರೆ. ಅಳಿಸಿದ ಮೇಲೆ ಬ್ಯಾಂಕು, ಮಿಂಚಂಚೆ ಎಲ್ಲದರಲ್ಲೂ ಹೊಸದಾಗಿ ಗುಪ್ತಪದ ಕೊಡಬೇಕಾಗುತ್ತದೆ, ಅದಕ್ಕೆ ತಯಾರಿರಬೇಕು.

ಒಂದು ಬ್ರೌಸರಿನಲ್ಲಿ ಅಳಿಸಿದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಮಗಳು ಕ್ರೋಮ್ ಬಳಸಿ, ತಂದೆ ಎಡ್ಜ್ ಬಳಸುವ ಮನೆಯಲ್ಲಿ ಎರಡನ್ನೂ ಗುಡಿಸಬೇಕು. ಬ್ರೌಸರಿಗೆ ಸೇರಿಸಿಕೊಂಡ ಸಣ್ಣಪುಟ್ಟ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನು ನೋಡಿ, ಗುರುತು ಪರಿಚಯವಿಲ್ಲದ್ದನ್ನು ತೆಗೆಯಬೇಕು. ಇಷ್ಟಾದ ಮೇಲೂ ಪರದೆಯ ಮೂಲೆಯಲ್ಲಿ ಜಾಹೀರಾತು ನೆಗೆಯುತ್ತಿದ್ದರೆ ಅದು ಕುಕಿಯಲ್ಲ. ಯಾವಾಗಲೋ ‘ಅಲೋ’ ಒತ್ತಿ ಕೊಟ್ಟ ನೋಟಿಫಿಕೇಷನ್ ಅನುಮತಿ, ಅದನ್ನು ಸೆಟ್ಟಿಂಗ್‌ಗಳಲ್ಲಿ ಹಿಂದಕ್ಕೆ ಪಡೆಯಬೇಕು. ಕೊನೆಯದಾಗಿ, ಕಿಟಕಿಗಳನ್ನೆಲ್ಲ ಮುಚ್ಚಿದಾಗ ಕುಕಿ ತಾನಾಗಿ ಅಳಿಯುವಂತೆ ಮಾಡುವ ಏರ್ಪಾಡೂ, ಮೂರನೆಯವರ ಕುಕಿಯನ್ನು ತಡೆಯುವ ಏರ್ಪಾಡೂ ಸೆಟ್ಟಿಂಗ್‌ಗಳಲ್ಲಿವೆ. ಎರಡನ್ನೂ ಹಾಕಿಟ್ಟರೆ ದಿನಾ ಗುಡಿಸುವ ಕಷ್ಟ ತಪ್ಪುತ್ತದೆ.

ಇದೆಲ್ಲವನ್ನೂ ಮಾಡಿದವನು ಪೂರ್ಣ ಪಾರಾದನೆ? ಇಲ್ಲ. ಪರದೆಯ ಅಳತೆ, ಅಕ್ಷರಶೈಲಿಗಳ ಪಟ್ಟಿ, ಬ್ರೌಸರಿನ ಆವೃತ್ತಿ, ಗಡಿಯಾರದ ವಲಯ ಮುಂತಾದವನ್ನು ಒಟ್ಟುಗೂಡಿಸಿ, ಹೆಬ್ಬೆಟ್ಟಿನ ಗುರುತಿನಂತೆ ಒಂದೊಂದು ಕಂಪ್ಯೂಟರನ್ನೂ ಬೇರೆಯಾಗಿ ಗುರುತಿಸುವ ವಿದ್ಯೆಯಿದೆ. ಅದು ನಮ್ಮ ಮನೆಯಲ್ಲಿ ಏನನ್ನೂ ಇಡುವುದಿಲ್ಲವಾದ್ದರಿಂದ ಅಳಿಸಲು ಏನೂ ಇಲ್ಲ.

ಈ ಮಾತನ್ನು ವಾಚಕರು ಸ್ವಲ್ಪ ನಿಧಾನಿಸಿ ಯೋಚಿಸಬೇಕು. ಇಡುವವನು ಒಂದು ಸಾಲಿನ ಸಂಕೇತದಿಂದ ಲಕ್ಷಾಂತರ ಮನೆಗಳಲ್ಲಿ ಇಡುತ್ತಾನೆ. ತೆಗೆಯಬೇಕಾದವನು ಮನೆಮನೆಯಲ್ಲಿ, ಪ್ರತಿಯೊಂದು ಬ್ರೌಸರಿನಲ್ಲಿ, ಇಂಗ್ಲಿಷಿನ ಮೆನುಗಳೊಳಗೆ ಹುಡುಕಿ ತೆಗೆಯಬೇಕು. ಆದಾಯ ಅವನದು, ದುಡಿಮೆ ಇವನದು. ಕೂಲಿಯಿಲ್ಲದ ಈ ದುಡಿಮೆಯನ್ನು ‘ಬಳಕೆದಾರನ ಎಚ್ಚರಿಕೆ’ ಎಂದು ಕರೆದು ಉಪದೇಶ ಮಾಡುವವರಿಗೇನೂ ಕೊರತೆಯಿಲ್ಲ.

ತಂತ್ರದಿಂದಲೇ ತಡೆಯಲಾಗದ್ದೂ ಅಲ್ಲ ಇದು. ಆಪಲ್ ಕಂಪನಿಯ ಸಫಾರಿ ಬ್ರೌಸರ್ 2020ರ ಮಾರ್ಚಿಯಲ್ಲಿ ಮೂರನೆಯವರ ಕುಕಿಗಳನ್ನು ಪೂರ್ತಿಯಾಗಿ ನಿಲ್ಲಿಸಿತು. ಫೈರ್‌ಫಾಕ್ಸ್ 2022ರ ಜೂನಿನಿಂದ ಪ್ರತಿಯೊಂದು ತಾಣಕ್ಕೂ ಬೇರೆ ಬೇರೆ ಡಬ್ಬಿ ಮಾಡಿ, ಒಂದು ಬಾಗಿಲಲ್ಲಿ ಹಚ್ಚಿದ ಗುರುತು ಇನ್ನೊಂದು ಬಾಗಿಲಲ್ಲಿ ಕಾಣದಂತೆ ಮಾಡಿತು. ಲೋಕದಲ್ಲಿ ಅತಿ ಹೆಚ್ಚು ಜನ ಬಳಸುವ ಕ್ರೋಮಿನ ಒಡೆಯನಾದ ಗೂಗಲ್ ಸಹ ಎರಡು ವರ್ಷದೊಳಗೆ ನಿಲ್ಲಿಸುವುದಾಗಿ 2020ರ ಜನವರಿಯಲ್ಲಿ ಹೇಳಿತ್ತು. ಗಡುವು ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. 2024ರ ಜುಲೈಯಲ್ಲಿ ನಿಲ್ಲಿಸುವುದಿಲ್ಲವೆಂದಿತು. ಬಳಕೆದಾರನನ್ನೇ ನೇರವಾಗಿ ಕೇಳುವ ಹೊಸ ಫಲಕವನ್ನೂ ತರುವುದಿಲ್ಲವೆಂದು 2025ರ ಏಪ್ರಿಲಿನಲ್ಲಿ ಸೇರಿಸಿತು. ಸಫಾರಿಗೆ ಆದದ್ದು, ಫೈರ್‌ಫಾಕ್ಸಿಗೆ ಆದದ್ದು, ಗೂಗಲಿಗೆ ಏಕೆ ಆಗಲಿಲ್ಲ? ಬಾಗಿಲ ಕೀಲಿಯೂ ಬಾಗಿಲಲ್ಲಿ ನಿಂತವನ ಅಂಗಡಿಯೂ ಒಂದೇ ಕೈಯಲ್ಲಿದ್ದಾಗ ಬೇರೇನನ್ನು ನಿರೀಕ್ಷಿಸಬೇಕು! 2018ರಲ್ಲಿ ಕ್ರೋಮಿನ 69ನೆಯ ಆವೃತ್ತಿ, ‘ಎಲ್ಲ ಕುಕಿಗಳನ್ನೂ ಅಳಿಸು’ ಎಂದರೂ ಗೂಗಲಿನ ಕುಕಿಗಳನ್ನು ಉಳಿಸಿಕೊಳ್ಳುತ್ತಿತ್ತು. ಗದ್ದಲವೆದ್ದ ಮೇಲೆ 70ನೆಯ ಆವೃತ್ತಿಯಲ್ಲಿ ತಿದ್ದಿಕೊಂಡಿತು. ಗದ್ದಲವೆದ್ದ ಮೇಲೆ, ಎಂಬುದು ಗಮನಿಸತಕ್ಕ ಮಾತು.

ಯೂರೋಪಿನಲ್ಲಿ ಕಾಯಿದೆ ಹಾದಿ ಹಿಡಿದರು. ಪರದೆಯ ತುಂಬ ಬಂದು ‘ಒಪ್ಪುತ್ತೇನೆ’ ಎಂದು ಕಾಡುವ ಫಲಕಗಳು ಆ ಕಾಯಿದೆಗಳ ಫಲ. ಕಿರಿಕಿರಿ ನಿಜ, ಆದರೆ ಅದು ಕಾಯಿದೆಯ ತಪ್ಪಲ್ಲ, ಅದಕ್ಕೆ ಮಸಿ ಬಳಿದವರ ತಪ್ಪು. ‘ಒಪ್ಪುತ್ತೇನೆ’ ಎಂಬುದಕ್ಕೆ ದೊಡ್ಡ ಬಣ್ಣದ ಗುಂಡಿ. ‘ಬೇಡ’ ಎನ್ನುವುದಕ್ಕೆ ಮೂರು ಪುಟ ದಾಟಿ ಬೂದುಬಣ್ಣದ ಸಣ್ಣಕ್ಷರ. ಮೊದಲೇ ಗುರುತು ಹಾಕಿಟ್ಟ ಚೌಕವು ಒಪ್ಪಿಗೆಯಾಗಲಾರದೆಂದು ಯೂರೋಪಿನ ನ್ಯಾಯಾಲಯ 2019ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂಬ ಕಾರಣಕ್ಕೆ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2022ರ ಜನವರಿಯಲ್ಲಿ ಪ್ರಕಟಿಸಿದ ಆಜ್ಞೆಯಲ್ಲಿ ಗೂಗಲಿಗೆ 15 ಕೋಟಿ ಯೂರೋ, ಫೇಸ್‌ಬುಕ್ಕಿಗೆ 6 ಕೋಟಿ ಯೂರೋ ದಂಡ ಹಾಕಿತು. ಆಮೇಲೆ ಅಲ್ಲಿ ನಿರಾಕರಿಸುವ ಗುಂಡಿ ಕಾಣಿಸಿಕೊಂಡಿತು. ಬೇಕೆಂದರೆ ಆಗುತ್ತದೆ.

ನಮ್ಮಲ್ಲಿ? ಖಾಸಗಿತನ ಈ ದೇಶದ ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕಟ್ಟೆ ಹತ್ತಿದವರು ಅವರು. ಆ ತೀರ್ಪಿನ ಆರು ವರ್ಷದ ತರುವಾಯ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಮುಂದೆ 18 ತಿಂಗಳ ವಾಯಿದೆ.

ಕಾಯಿದೆಯಲ್ಲಿ ಒಳ್ಳೆಯ ಮಾತುಗಳಿವೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಅದನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದೆಗೆದುಕೊಳ್ಳುವಂತಿರಬೇಕು. ಹದಿನೆಂಟು ತುಂಬದ ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸುವಂತಿಲ್ಲ. ದಂಡ 250 ಕೋಟಿ ರೂಪಾಯಿವರೆಗೆ. ಆದರೆ ದಂಡದ ಹಣ ಸರಕಾರದ ಸಂಚಿತ ನಿಧಿಗೆ, ನಷ್ಟಪಟ್ಟವನಿಗೆ ಬಿಡಿಗಾಸಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಪರಿಹಾರ ಕೇಳಲು ಇದ್ದ 43ಎ ವಿಧಿಯನ್ನೂ ಇದೇ ಕಾಯಿದೆ ತೆಗೆದುಹಾಕುತ್ತದೆ. ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟ ಪ್ರಜೆಗೆ ಮಾತ್ರ 10,000 ರೂಪಾಯಿವರೆಗೆ ದಂಡವುಂಟು. ಕುಕಿ ಮರಳಿ ಬಂತೆಂದು ದೂರಿಡುವ ನಿವೃತ್ತ ಉಪಾಧ್ಯಾಯರೊಬ್ಬರು ಅದು ಎಲ್ಲಿಂದ ಬಂತೆಂದು ರುಜುವಾತು ಮಾಡಬಲ್ಲರೆ? ಮಾಡಲಾಗದಿದ್ದರೆ ದೂರು ಹುರುಳಿಲ್ಲದ್ದಾಯಿತೆ? ಕುಕಿ ಎಂಬ ಹೆಸರಂತೂ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ.

ಹೀಗಿರುವಾಗ ನಾವು ಕೇಳಬೇಕಾದದ್ದು ಸ್ಪಷ್ಟ. ಒಮ್ಮೆ ಅಳಿಸಿದ್ದನ್ನು ಬೇರೆ ಮೂಲೆಯ ನಕಲಿನಿಂದ ಮರಳಿ ಹುಟ್ಟಿಸುವುದು, ಹಿಂದೆಗೆದ ಒಪ್ಪಿಗೆಯನ್ನು ಕದ್ದಂತೆ ಎಂದು ನಿಯಮದಲ್ಲಿ ಬಿಚ್ಚಿ ಬರೆಯಲಿ. ಬ್ರೌಸರ್ ಮಾರುವವನು ಮೂರನೆಯವರ ಕುಕಿಗೆ ಬಾಗಿಲು ಹಾಕಿಯೇ ಕೊಡಲಿ, ಬೇಕಾದವನು ತೆರೆದುಕೊಳ್ಳಲಿ. 1997ರಲ್ಲಿ ಹೇಳಿದ್ದೂ ಅದನ್ನೇ ಅಲ್ಲವೆ? ‘ಬೇಡ’ ಎಂಬ ಗುಂಡಿ ‘ಒಪ್ಪುತ್ತೇನೆ’ ಎಂಬುದರ ಪಕ್ಕದಲ್ಲೇ, ಅದೇ ಗಾತ್ರದಲ್ಲಿ, ಕನ್ನಡ ಓದುವವನಿಗೆ ಕನ್ನಡದಲ್ಲಿ ಇರಲಿ. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಅದನ್ನು ಕಾಗದದ ಮೇಲೆ ಉಳಿಸಬಾರದು.

ಇದಕ್ಕೆ ಕಂಪನಿಗಳ ವಕೀಲರು ಕೊಡುವ ಉತ್ತರ ನಮಗೆ ಗೊತ್ತಿದೆ. ಪುಕ್ಕಟೆ ಸಿಗುವ ಸೇವೆಗೆ ಜಾಹೀರಾತೇ ಆಧಾರ, ಕುಕಿ ಹೋದರೆ ಜಾಹೀರಾತು ಹೋಯಿತು ಎನ್ನುತ್ತಾರೆ. ನಮ್ಮಂಥ ವಾರಪತ್ರಿಕೆಯಲ್ಲೂ ಅಡಿಕೆ ಮಂಡಿಯ ಜಾಹೀರಾತು ಬರುತ್ತದೆ, ಬಟ್ಟೆ ಅಂಗಡಿಯದೂ ಬರುತ್ತದೆ. ಅದನ್ನು ಓದಿದವನ ಹಿಂದೆ ಮಂಡಿಯವನು ಮನೆವರೆಗೆ ನಡೆದು ಬಂದು ಅಡುಗೆಮನೆ ಇಣುಕುವುದಿಲ್ಲ. ಪುಟದಲ್ಲೇನಿದೆಯೋ ಅದಕ್ಕೆ ತಕ್ಕ ಜಾಹೀರಾತು ಹಾಕುವುದು ಹಳೆಯ, ಮರ್ಯಾದಸ್ಥ ಪದ್ಧತಿ. ಹಾಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಜಾಹೀರಾತು ವಿಭಾಗವಾದ ಸ್ಟೆರ್ 2020ರಲ್ಲಿ ಬೆನ್ನುಹತ್ತುವ ಕುಕಿಗಳನ್ನು ಬಿಟ್ಟು ಈ ಪದ್ಧತಿಗೆ ತಿರುಗಿತು. ಮೊದಲ ತಿಂಗಳುಗಳಲ್ಲಿ ಅದರ ಆದಾಯ ಇಳಿಯಲಿಲ್ಲ, ಹಿಂದಿನ ವರ್ಷಕ್ಕಿಂತ ಏರಿತು. ನಡುವಿನ ದಲ್ಲಾಳಿಗಳ ಪಾಲು ತಪ್ಪಿದರೆ ಬೆಳೆದವನಿಗೆ ಹೆಚ್ಚು ಸಿಗುತ್ತದೆಂಬುದು ಮಂಡಿ ಕಂಡ ರೈತನಿಗೆ ಹೊಸ ವಿಷಯವೇನಲ್ಲ.

ದಿಲ್ಲಿಯಿಂದ ನಿಯಮ ಬರುವ ತನಕ ಊರಿನಲ್ಲಿ ಮಾಡಬಹುದಾದ ಕೆಲಸವೊಂದಿದೆ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ, ಈಗ ಅರಿವು ಕೇಂದ್ರಗಳೆಂದು ಕರೆಯುವ ಕಡೆಗಳಲ್ಲಿ, ಕಂಪ್ಯೂಟರುಗಳಿವೆ. ಶಾಲೆಗಳಲ್ಲೂ ಇವೆ. ಒಬ್ಬರ ನಂತರ ಒಬ್ಬರು ಅದೇ ಯಂತ್ರದ ಮುಂದೆ ಕೂತು ಅರ್ಜಿ ತುಂಬುತ್ತಾರೆ, ಫಲಿತಾಂಶ ನೋಡುತ್ತಾರೆ, ಕಾಯಿಲೆಯ ಹೆಸರು ಹುಡುಕುತ್ತಾರೆ. ಅಲ್ಲಿ ಮುಚ್ಚಿದಾಗ ಕುಕಿ ಅಳಿಯುವ ಏರ್ಪಾಡು ಹಾಕಲು ಐದು ನಿಮಿಷ ಸಾಕು. ಸರಕಾರದ ಆಜ್ಞೆಯಾಗಲಿ, ಟೆಂಡರಾಗಲಿ ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು, ನಮ್ಮೂರ ಯಂತ್ರದಲ್ಲಿ ಅದು ಆಗಿದೆಯೇ ಎಂದು ಕೇಳಲಿ.